ಅಘನಾಶಿನಿ ಅಳಿವೆಗೆ ಹೊರಡುವ ಮುನ್ನ ಪಂಚಾಂಗ ನೋಡಿ

ಕಡಲ ದಂಡೆಯಲ್ಲಿ ಕಾಟೇಜು ಹಿಡಿದು ನಾಲ್ಕು ದಿನ ಹಕ್ಕಿ ನೋಡಿಕೊಂಡಿರಬೇಕೆಂದು ಬಯಸುವವರು ಸಾಮಾನ್ಯವಾಗಿ ಮೊದಲು ರಜೆ ಗೊತ್ತುಮಾಡಿ, ಆಮೇಲೆ ಕೊಠಡಿ ಕಾದಿರಿಸಿ, ಕೊನೆಗೆ ಹಕ್ಕಿಗಳ ವಿಚಾರಕ್ಕೆ ಬರುತ್ತಾರೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ಹೋಗುವುದಾದರೆ ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕು. ಮೊದಲು ನೋಡಬೇಕಾದದ್ದು ಅಮಾವಾಸ್ಯೆ ಮತ್ತು ಹುಣ್ಣಿಮೆ.

ಶಿರಸಿಯ ಕಡೆಯಿಂದ ಎಲ್ಲಿಯೂ ಅಣೆಕಟ್ಟಿನ ಅಡ್ಡಿಯಿಲ್ಲದೆ ಹರಿದು ಬರುವ ಈ ನದಿ ಕುಮಟಾ ತಾಲೂಕಿನಲ್ಲಿ, ಉತ್ತರ ದಡದ ತದಡಿ ಮತ್ತು ದಕ್ಷಿಣ ದಡದ ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ನೀರಿಳಿದಾಗ ಇಲ್ಲಿ ತೆರೆದುಕೊಳ್ಳುವ ಕೆಸರುಬಯಲೇ ವಲಸೆ ಹಕ್ಕಿಗಳ ಊಟದ ತಟ್ಟೆ. ಊರಿನವರು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವುದೂ ಅಲ್ಲಿಯೇ. ಭರತ, ಅಂದರೆ ಕಡಲಿನ ಉಬ್ಬರ, ಪೂರ್ತಿ ಇಳಿದಿರುವಾಗ ಹಕ್ಕಿಗಳು ಆ ಬಯಲಿನ ಉದ್ದಗಲಕ್ಕೂ ಚದುರಿ, ಬೈನಾಕ್ಯುಲರ್‌ನಲ್ಲಿಯೂ ಬರಿಯ ಚುಕ್ಕೆಗಳಾಗಿ ಕಾಣುತ್ತವೆ. ನೀರು ಏರತೊಡಗಿದಂತೆ ಮೇಯುವ ಜಾಗ ಕಿರಿದಾಗುತ್ತ ಬಂದು, ಅವು ತಾವಾಗಿಯೇ ದಡದತ್ತ ಸರಿಯುತ್ತವೆ. ಹಕ್ಕಿ ನೋಡಲು ಅದೇ ಸರಿಯಾದ ಹೊತ್ತು, ಭರತ ತುಂಬುವ ಮೊದಲಿನ ಎರಡು ಮೂರು ತಾಸು.

ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಚೀಚಿನ ದಿನಗಳಲ್ಲಿ ಏರಿಳಿತ ಹೆಚ್ಚು; ಈ ಕರಾವಳಿಯಲ್ಲಿ ಆಗ ಭರತ ತುಂಬುವುದು ನಡುಹಗಲಿನ ಸುಮಾರಿಗೆ. ಆದ್ದರಿಂದ ಬೆಳಗಿನ ತಂಪು ಬೆಳಕಿನಲ್ಲಿ ನೀರು ಏರುತ್ತಿರುತ್ತದೆ, ಹಕ್ಕಿಗಳು ಹತ್ತಿರ ಬರುತ್ತಿರುತ್ತವೆ. ದಿನಕ್ಕೆ ಸುಮಾರು 50 ನಿಮಿಷದಂತೆ ಈ ವೇಳೆ ಮುಂದೆ ಸರಿಯುವುದರಿಂದ ಅಷ್ಟಮಿಯ ಹೊತ್ತಿಗೆ ಲೆಕ್ಕವೇ ಬದಲಾಗಿರುತ್ತದೆ, ಏರಿಳಿತವೂ ಅಷ್ಟಕ್ಕಷ್ಟೆ. ನಿಖರವಾದ ಗಂಟೆಗೆ ಕಾರವಾರದ ಭರತ-ಇಳಿತದ ಪಟ್ಟಿ ನೋಡಿ, ಇಲ್ಲವೇ ಊರಿನ ದೋಣಿಯವರನ್ನು ಕೇಳಿ. ಅಕ್ಟೋಬರ್ ಮಧ್ಯದಿಂದ ಮಾರ್ಚ್‌ವರೆಗಿನ ಯಾವ ಪಕ್ಷವಾದರೂ ಆದೀತು.

ಕಾಟೇಜನ್ನು ಯಾವ ದಡದಲ್ಲಿ ಹಿಡಿಯಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ದಕ್ಷಿಣ ದಡ. ಗೋಕರ್ಣದ ಕಡೆ ಕೊಠಡಿಗಳು ಧಾರಾಳವಾಗಿವೆ, ಗದ್ದಲವೂ ಅಷ್ಟೇ ಇದೆ. ಕುಮಟಾದ ಬಾಡ, ಕಾಗಾಲ, ಅಘನಾಶಿನಿಯ ಸುತ್ತಮುತ್ತ ತೆಂಗಿನ ತೋಟದ ನಡುವಿನ ಸಣ್ಣ ಮನೆಗಳಲ್ಲಿ ರಾತ್ರಿ ಅಲೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಇನ್ನೂ ಮುಖ್ಯವಾದ ಕಾರಣ ಬೆಳಕು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಈ ದಡದಲ್ಲಿ ನಿಂತು ಉತ್ತರಕ್ಕೆ ನೋಡುವವರಿಗೆ ಬಿಸಿಲು ಬೆನ್ನಿಗಿರುತ್ತದೆ. ತದಡಿಯಿಂದ ನೋಡಿದರೆ ಅದೇ ಹಕ್ಕಿ ಕಪ್ಪು ನೆರಳಾಗಿ ಕಾಣುತ್ತದೆ. ತದಡಿ ಮತ್ತು ಅಘನಾಶಿನಿಯ ನಡುವೆ ಜನರನ್ನು ದಾಟಿಸುವ ದೋಣಿಯಿದೆ. ಬೆಂಗಳೂರಿನವರು ಕಾರವಾರದ ರಾತ್ರಿ ರೈಲಿನಲ್ಲಿ ಹೊರಟು ಬೆಳಿಗ್ಗೆ ಕುಮಟಾದಲ್ಲಿ ಇಳಿಯಬಹುದು. ಕೊಠಡಿ ಕಾದಿರಿಸುವಾಗ ಸೊಳ್ಳೆಪರದೆ ಇದೆಯೇ, ಬೆಳಿಗ್ಗೆ ಆರಕ್ಕೆ ಚಹಾ ಸಿಕ್ಕೀತೇ ಎಂದು ಕೇಳಿಕೊಳ್ಳಿ.

8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಮುಕ್ಕಾಲಿಯ ಮೇಲಿಟ್ಟು ನೋಡುವ ಸ್ಪಾಟಿಂಗ್ ಸ್ಕೋಪ್ ಇದ್ದರೆ ಕೆಸರಿನ ಹಕ್ಕಿಗಳಿಗೆ ಬಲು ಉಪಕಾರಿ. ಮೊದಲ ದಿನವೇ ಎಲ್ಲ ಗೊರವ ಹಕ್ಕಿಗಳನ್ನೂ ಗುರುತಿಸುವ ಹಟ ಬೇಡ. ಉದ್ದ ಕೊಕ್ಕು ಕೆಳಕ್ಕೆ ಬಾಗಿರುವ ಹಕ್ಕಿ ಕಂಡರೆ ಅದರ ನೆತ್ತಿ ನೋಡಿ: ಕಡುಗಂದು ಪಟ್ಟೆಗಳಿದ್ದರೆ ವಿಂಬ್ರೆಲ್, ಪಟ್ಟೆಯಿಲ್ಲದೆ ಕೊಕ್ಕು ಇನ್ನೂ ಉದ್ದವಿದ್ದರೆ ಕರ್ಲ್ಯೂ. ವಿಂಬ್ರೆಲ್ ಏಡಿ ಹಿಡಿಯುವುದನ್ನು ಒಮ್ಮೆ ನೋಡಲೇಬೇಕು. ಬಿಲದೊಳಗೆ ಕೊಕ್ಕು ಇಳಿಸಿ ಏಡಿಯನ್ನು ಹೊರಗೆಳೆದು, ಕಾಲುಗಳು ಕಳಚಿಬೀಳುವಂತೆ ಝಾಡಿಸಿ, ಉಳಿದದ್ದನ್ನು ತಲೆಯೆತ್ತಿ ನುಂಗಿಬಿಡುತ್ತದೆ. ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಒಮ್ಮೆ ಕುಕ್ಕಿ ಮತ್ತೆ ಓಡುವ ಪುಟ್ಟ ಬೂದು ಹಕ್ಕಿಗಳು ಪ್ಲವರ್‌ಗಳು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಕರಿನೆತ್ತಿಯ ಮಿಂಚುಳ್ಳಿಯನ್ನೂ, ಮೇಲೆ ಗರುಡ ಹಾಗೂ ಬಿಳಿಹೊಟ್ಟೆಯ ಕಡಲ ಹದ್ದನ್ನೂ ಹುಡುಕಿ.

ಕೆಸರಿಗೆ ಮಾತ್ರ ಇಳಿಯಬೇಡಿ. ಮೇಲೆ ಗಟ್ಟಿಯಾಗಿ ಕಂಡರೂ ಕಾಲು ಮೊಣಕಾಲಿನವರೆಗೆ ಹೂತುಹೋದೀತು, ಅಲ್ಲದೆ ಅದು ಬಳಚು ಹೆಕ್ಕುವವರ ದುಡಿಮೆಯ ಜಾಗ. ದೋಣಿಯಲ್ಲಿ ಹೋಗುವುದಾದರೆ ಲೈಫ್ ಜಾಕೆಟ್ ತೊಟ್ಟು, ಹಿಂಡಿನಿಂದ ದೂರದಲ್ಲಿಯೇ ಎಂಜಿನ್ ನಿಲ್ಲಿಸಲು ಹೇಳಿ. ಇಳಿತ ಜೋರಾಗುವ ಮೊದಲೇ ಮರಳದಿದ್ದರೆ ಮರಳದಿಬ್ಬಕ್ಕೆ ಸಿಕ್ಕಿಕೊಳ್ಳುವ ಸಂಭವವಿದೆ. ಸಂಜೆ ಉಪಕರಣಗಳ ಮೇಲಿನ ಉಪ್ಪಿನ ಪಸೆಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿಡಿ.

ಭರತ ತುಂಬಿದಾಗ ಹಕ್ಕಿಗಳೆಲ್ಲ ಉಳಿದ ತುಂಡು ಮರಳಿನ ಮೇಲೆ ಒತ್ತೊತ್ತಾಗಿ ನಿಂತು ವಿಶ್ರಮಿಸುತ್ತವೆ. ಚಿತ್ರದ ಆಸೆಗೆ ಒಬ್ಬರು ಹತ್ತು ಹೆಜ್ಜೆ ಮುಂದಿಟ್ಟರೂ ಹಿಂಡು ಏಳುತ್ತದೆ, ಇಳಿಯಲು ಬೇರೆ ಜಾಗ ಇರುವುದಿಲ್ಲ. ಮಾರ್ಚ್‌ನಲ್ಲಂತೂ ಸಾವಿರಾರು ಕಿಲೋಮೀಟರ್‌ಗಳ ಮರುಪಯಣಕ್ಕೆ ಕೂಡಿಟ್ಟ ಕೊಬ್ಬು ಹೀಗೆ ವ್ಯರ್ಥವಾಗಿ ಕರಗುತ್ತದೆ. ನೀರು ಇಳಿದು, ಒಂದೊಂದೇ ಹಕ್ಕಿ ಮತ್ತೆ ಕೆಸರಿಗೆ ಕಾಲಿಡುವವರೆಗೆ ತೆಂಗಿನ ನೆರಳಿನಲ್ಲಿ ಕುಳಿತೇ ಇರಿ.