ಲಾಕ್‌ಡೌನಿನಲ್ಲಿ ಮಣಿಕಟ್ಟು ಕೂರಿಸಿದ ನನ್ನ ಅನುಭವ

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ಶಿರಸಿಯ ನನ್ನ ಸಣ್ಣ ಆಸ್ಪತ್ರೆಗೆ ಮೂಳೆ ಮುರಿದವರೇ ಬರಲಾರರೆಂದು ಎಣಿಸಿದ್ದೆ. ದೇವಿಮನೆ ಘಟ್ಟದಲ್ಲಿ ಬಿದ್ದು ಕಾಲು ಮುರಿದುಕೊಂಡು ಬರುವ ಬೈಕ್ ಸವಾರರು ಏಪ್ರಿಲ್‌ನಲ್ಲಿ ಇಬ್ಬರೋ ಮೂವರೋ ಇದ್ದಿರಬೇಕು. ಆದರೆ ಬಚ್ಚಲಿನಲ್ಲಿ ಜಾರಿದ ಅಜ್ಜಿಯರು ಎಂದಿನಷ್ಟೇ ಬಂದರು. ಶಾಲೆಯಿಲ್ಲದೆ ಮಾವಿನ ಮರ ಹತ್ತಿದ ಹುಡುಗರ ಮಣಿಕಟ್ಟಿನ ಮುರಿತ ಹೆಚ್ಚಿತು. ಹೊರದೇಶಗಳ ವರದಿಗಳಲ್ಲಿಯೂ ರಸ್ತೆ ಮತ್ತು ಆಟದ ಗಾಯಗಳು ಇಳಿದಿದ್ದವು, ವೃದ್ಧರ ಸೊಂಟದ ಮುರಿತ ಅಷ್ಟಾಗಿ ಇಳಿದಿರಲಿಲ್ಲ.

ಅರಿವಳಿಕೆ ತಜ್ಞರು ಪರವೂರಿನಿಂದ ಬರಬೇಕಾಗಿತ್ತು, ಬರುವಂತಿರಲಿಲ್ಲ. ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್ ದೂರ. ಆದ್ದರಿಂದ ಮುರಿದ ಜಾಗಕ್ಕೇ ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಚುಚ್ಚಿ, ಎಳೆದು ಕೂರಿಸಿ, ಪ್ಲಾಸ್ಟರ್ ಹಾಕಿ ಅದೇ ದಿನ ಮನೆಗೆ ಕಳುಹಿಸುವುದೆಂದು ನಿಶ್ಚಯಿಸಿದೆ. ಬ್ರಿಟಿಷ್ ಆರ್ಥೋಪೆಡಿಕ್ ಅಸೋಸಿಯೇಷನ್ ಕೂಡ ಆ ವರ್ಷ ತೋಳು-ಕೈಗಳ ಬಹುತೇಕ ಮುರಿತಗಳನ್ನು ಶಸ್ತ್ರಕ್ರಿಯೆಯಿಲ್ಲದೆ ನೋಡಿಕೊಳ್ಳಬಹುದೆಂದು ಸೂಚಿಸಿತ್ತು. ಆದರೂ ಸ್ನೇಹಿತರು, ಮೂಳೆಯ ತುಂಡುಗಳನ್ನು ಹಿಡಿದಿಡುವ ತಂತಿ ಹಾಕದೆ ಬಿಟ್ಟರೆ ಎರಡನೆಯ ವಾರ ಮೂಳೆ ಜಾರುತ್ತದೆ, ಆಗ ರೋಗಿಯನ್ನು ಎಲ್ಲಿಂದ ಕರೆಸುತ್ತೀರಿ ಎಂದು ಕೇಳಿದರು.

ಮೊದಲ ಸೋಲು ಜಾರುವುದರಿಂದ ಬರಲಿಲ್ಲ. ಕುಮಟಾ ಕಡೆಯ ಹನ್ನೊಂದು ವರ್ಷದ ಹುಡುಗನಿಗೆ ಮೊದಲ ದಿನವೇ ಪೂರ್ಣ ಸುತ್ತು ಪ್ಲಾಸ್ಟರ್ ಹಾಕಿದೆ. ರಾತ್ರಿ ಬೆರಳುಗಳು ಊದಿಕೊಂಡವು. ತಂದೆ ಫೋನಿನಲ್ಲಿ ಕಳುಹಿಸಿದ ಚಿತ್ರದಲ್ಲಿ ಉಗುರಿನ ಬುಡ ನೀಲಿಗಟ್ಟಿತ್ತು. ತಪಾಸಣೆಗಳನ್ನು ದಾಟಿ ಅವರು ತಲುಪುವಾಗ ರಾತ್ರಿ ಎರಡು ಗಂಟೆ. ಪ್ಲಾಸ್ಟರ್ ಸೀಳಿದ ಮೇಲೂ ಬೆರಳು ಬಿಸಿಯಾಗಲಿಲ್ಲ; ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸಿದ ಬಳಿಕವೇ ಬಣ್ಣ ಮರಳಿತು. ಅಂದಿನಿಂದ ಮೊದಲ ದಿನ ಯಾರಿಗೂ ಸೀಳದ ಪ್ಲಾಸ್ಟರ್ ಹಾಕಿ ಕಳುಹಿಸಿಲ್ಲ.

ಏಳನೆಯ ದಿನದ ಎಕ್ಸ್‌ರೇಯನ್ನು ರೋಗಿಗಳು ತಮ್ಮೂರಿನ ಹತ್ತಿರವೇ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ಕಳುಹಿಸುತ್ತಿದ್ದರು. ಮುರಿದ ಜಾಗದಲ್ಲಿ ಪ್ಲಾಸ್ಟರಿನ ಒಳಅಗಲವನ್ನು ಪಕ್ಕದ ಎಕ್ಸ್‌ರೇಯಲ್ಲಿ ಅಳೆದು, ಎದುರಿನ ಎಕ್ಸ್‌ರೇಯ ಅಗಲದಿಂದ ಭಾಗಿಸಿದರೆ ಬರುವುದೇ ಕಾಸ್ಟ್ ಇಂಡೆಕ್ಸ್; ಅದು ಹೆಚ್ಚಿದಷ್ಟೂ ಮೂಳೆ ಜಾರುವ ಭಯ ಹೆಚ್ಚು. ಅದು 0.8ಕ್ಕಿಂತ ಹೆಚ್ಚಿದ್ದ ಮಕ್ಕಳನ್ನು ಮಾತ್ರ ಬೇಗನೆ ಕರೆಸುತ್ತಿದ್ದೆ. ಆಗಸ್ಟ್‌ವರೆಗೆ ಸುಮಾರು 70 ಮಣಿಕಟ್ಟುಗಳನ್ನು ಕೂರಿಸಿದ್ದೇನೆ. ಆರೋ ಏಳೋ ಜಾರಿದವು, ನಾಲ್ವರಿಗೆ ಮಾತ್ರ ತಂತಿ ಬೇಕಾಯಿತು. ತಂತಿ, ಅರಿವಳಿಕೆ, ಒಂದು ರಾತ್ರಿಯ ವಾಸ ಸೇರಿ 20 ಸಾವಿರದ ಆಸುಪಾಸು ಆಗುತ್ತಿದ್ದ ಖರ್ಚು ಎರಡೂವರೆ ಸಾವಿರದೊಳಗೆ ಮುಗಿಯಿತು. ಸಂಪಾದನೆ ನಿಂತಿದ್ದ ಮನೆಗಳಿಗೆ ಅದು ದೊಡ್ಡ ಮೊತ್ತ. ನನ್ನ ಆದಾಯ ಅರ್ಧಕ್ಕಿಳಿದದ್ದೂ ನಿಜ.

ಜೂನ್ ಮಳೆಯಲ್ಲಿ ಪ್ಲಾಸ್ಟರ್ ಒಣಗದ ಕಾರಣ ಫೈಬರ್ ಪಟ್ಟಿಯನ್ನೂ ಪರೀಕ್ಷಿಸಿದೆ. ಬೆಲೆ ಮೂರು ಪಟ್ಟು, ಬೆರಳೊತ್ತಿಗೆ ಬಾಗುವುದಿಲ್ಲ, ಬಿಟ್ಟೆ. ಬಲ್ಬಿನ ಶಾಖ ಹಿಡಿದಾಗ ಮೇಲ್ಭಾಗ ಗಟ್ಟಿಯಾಗಿ ಒಳಗೆ ಒದ್ದೆಯೇ ಉಳಿಯಿತು. ಕೊನೆಗೆ ಪದರಗಳನ್ನು ಕಡಿಮೆ ಮಾಡಿ ಫ್ಯಾನಿನ ಗಾಳಿಗೆ ಒಡ್ಡಿದ್ದೇ ಸರಿಹೋಯಿತು. ಮೂಳೆ ಜಾರದಂತೆ ಹಸಿ ಪ್ಲಾಸ್ಟರನ್ನು ಮೂರು ಕಡೆ ಒತ್ತಿ ಹಿಡಿಯುವಾಗ ನನ್ನ ಮೊಣಕಾಲನ್ನು ಎಲ್ಲಿ ಊರುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಶಿರಸಿಗೆ ಬಂದವರಿಗೆ ತೋರಿಸುತ್ತೇನೆ.

2021ರ ಮೇ ತಿಂಗಳ ಲಾಕ್‌ಡೌನಿನಲ್ಲಿಯೂ ಇದೇ ಕ್ರಮ ಅನುಸರಿಸಿದೆ. ಈಗ ಅರಿವಳಿಕೆ ತಜ್ಞರು ಕರೆದಾಗ ಬರುತ್ತಾರೆ. ಬಿರುಕು ಕೀಲಿನೊಳಗೆ ಹೋಗಿ ಚೂರುಗಳು ಸರಿದಿದ್ದರೆ, ಅಥವಾ ಕೂರಿಸಿದ ಮೇಲೂ ಹೆಬ್ಬೆರಳಿನ ಜೋಮು ಇಳಿಯದಿದ್ದರೆ, ಪ್ಲಾಸ್ಟರನ್ನು ನಂಬಿ ಕಾಯದೆ ಅವರಿಗೆ ಅಂದೇ ಫೋನ್ ಮಾಡುತ್ತೇನೆ.