ದನಿಗಳಿಗಿಂತ ಮೊದಲು ಕಾಲಿನ ಬಗ್ಗೆ ಕೇಳುತ್ತೇನೆ

ಸೈಕೋಸಿಸ್‌ಗೆ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನಸ್ಸಿನ ಕಾಯಿಲೆಗೆ, ಮಾತ್ರೆ ಶುರು ಮಾಡಿದವರು ಮತ್ತೆ ಬಂದಾಗ, ಕಿವಿಯಲ್ಲಿ ದನಿಗಳು ಇನ್ನೂ ಕೇಳಿಸುತ್ತಾ ಅಂತ ನಾನು ಮೊದಲೇ ಕೇಳುವುದಿಲ್ಲ. "ಕೂತಲ್ಲಿ ಕೂರೋಕೆ ಆಗ್ತಿದೆಯಾ?" ಅಂತ ಕೇಳುತ್ತೇನೆ. ಎಷ್ಟೋ ಜನ ಮಾತ್ರೆ ಬಿಡುವುದು ಈ ಕಾರಣಕ್ಕೇ. ಮನೆಯವರು ಅದನ್ನು ಹಟ ಅಂದುಕೊಂಡಿರುತ್ತಾರೆ.

ಇದಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ಹುಡುಗ ನನ್ನೆದುರು ಕುರ್ಚಿಯಲ್ಲಿ ಕೂರುತ್ತಿದ್ದ, ಏಳುತ್ತಿದ್ದ, ನಿಂತರೆ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದ. ಕಾಯಿಲೆ ಜಾಸ್ತಿಯಾಗಿದೆ, ಡೋಸ್ ಏರಿಸಿ ಡಾಕ್ಟ್ರೇ ಅಂತ ಅವನಮ್ಮ ಕೇಳಿಕೊಂಡರು. ಯಾವಾಗ ಶುರುವಾಯಿತು ಅಂತ ಕೇಳಿದೆ. ಡೋಸ್ ಏರಿಸಿದ ಮೇಲೆ! ಇದು ಅಕಾಥಿಸಿಯಾ, ಮಾತ್ರೆಯಿಂದಲೇ ಬರುವ ಚಡಪಡಿಕೆ. ಇನ್ನೂ ಏರಿಸಿದ್ದರೆ ಹುಡುಗ ಒದ್ದಾಡಿಬಿಡುತ್ತಿದ್ದ. ಡೋಸ್ ಇಳಿಸಿದೆ, ಆಸ್ತಮಾ ಇಲ್ಲ ಅಂತ ಖಚಿತ ಮಾಡಿಕೊಂಡು ಸ್ವಲ್ಪ ದಿನಕ್ಕೆ ಚಡಪಡಿಕೆ ಇಳಿಸುವ ಪ್ರೊಪ್ರನೊಲಾಲ್ ಕೊಟ್ಟೆ, ಆಸ್ತಮಾ ಇದ್ದವರಿಗೆ ಅದು ಆಗುವುದಿಲ್ಲ. ಮುಂದಿನ ಸಲ ಬಂದಾಗ ಕಾಲು ನೆಲದ ಮೇಲಿಟ್ಟು ಕೂತು ಮಾತಾಡಿದ.

ಈ ಔಷಧಿಗಳಲ್ಲಿ ಹೆಚ್ಚಿನವು ಮಿದುಳಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಂದು ಕೂರುವ ಜಾಗಗಳನ್ನು, ಅಂದರೆ ಡಿ2 ಗ್ರಾಹಕಗಳನ್ನು, ತಡೆಯುತ್ತವೆ. ಸುಮಾರು 65ರಿಂದ 80 ಪರ್ಸೆಂಟ್ ತಡೆದರೆ ಸಾಮಾನ್ಯವಾಗಿ ಸಾಕು, ಅದಕ್ಕಿಂತ ಮೇಲೆ ಹೋದರೆ ಗುಣ ಜಾಸ್ತಿಯಾಗುವುದಿಲ್ಲ, ಬಿಗಿತ, ನಡುಕ, ಚಡಪಡಿಕೆ ಜಾಸ್ತಿಯಾಗುತ್ತವೆ. ಹಾಗಾಗಿ ಕಡಿಮೆಯಿಂದ ಶುರು ಮಾಡಿ ಕಾಯುತ್ತೇನೆ. ನಿದ್ದೆ, ಸಿಡಿಮಿಡಿ ಕೆಲವೇ ದಿನಗಳಲ್ಲಿ ಹಿಡಿತಕ್ಕೆ ಬರಬಹುದು. ದನಿಗಳು, ಅನುಮಾನ ಕರಗಲು ವಾರಗಟ್ಟಲೆ ಬೇಕು. ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ವಾರದೊಳಗೆ "ಏನೂ ಉಪಯೋಗ ಆಗ್ಲಿಲ್ಲ" ಅಂತ ಬೇರೆ ಡಾಕ್ಟರ್ ಹುಡುಕುತ್ತಾರೆ.

ಒಲಾಂಜಪೈನ್ ಕೊಟ್ಟರೆ ತೂಕ, ಸೊಂಟದ ಅಳತೆ, ಸಕ್ಕರೆ ನೋಡುತ್ತೇನೆ. ರಿಸ್ಪೆರಿಡಾನ್ ಕೊಟ್ಟರೆ ಮುಟ್ಟಿನ ಬಗ್ಗೆ, ಲೈಂಗಿಕ ತೊಂದರೆಗಳ ಬಗ್ಗೆ ನಾನೇ ಕೇಳುತ್ತೇನೆ. ನಾಚಿಕೆಯಿಂದ ಅವರಾಗಿಯೇ ಹೇಳುವುದಿಲ್ಲ, ಸುಮ್ನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ಎರಡು ಔಷಧಿಗಳನ್ನು ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ವಾರ ಕೊಟ್ಟೂ ಗುಣವಾಗದಿದ್ದರೆ ಕ್ಲೋಜಪೈನ್ ವಿಷಯ ಎತ್ತುತ್ತೇನೆ, ಅದನ್ನು ವರ್ಷಗಟ್ಟಲೆ ಮುಂದೂಡುವುದು ನನಗೆ ಸರಿ ಕಾಣುವುದಿಲ್ಲ. ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತೇನೆ. ಜ್ವರ, ಗಂಟಲು ನೋವು ಬಂದರೆ ಅವತ್ತೇ ಬರಬೇಕು. ಮಲಬದ್ಧತೆಯನ್ನೂ ಹಗುರವಾಗಿ ತೆಗೆದುಕೊಳ್ಳಬಾರದು, ಅದು ಜೀವಕ್ಕೇ ಕುತ್ತಾಗಬಲ್ಲದು.

ಗುಣವಾದ ಮೇಲೆ ಬಿಡಬೇಕು ಅನ್ನಿಸಿದರೆ ನನಗೆ ಹೇಳಿ ಅನ್ನುತ್ತೇನೆ, ನಾನು ಬೈಯುವುದಿಲ್ಲ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ಇಳಿಸುವುದಾದರೆ ತಿಂಗಳುಗಟ್ಟಲೆ, ನಿದ್ದೆ ಕೆಡುತ್ತಿದೆಯಾ ಅಂತ ನೋಡಿಕೊಂಡು, ಇಬ್ಬರೂ ಸೇರಿ ಇಳಿಸುತ್ತೇವೆ.