ಶಾಸನಸಭೆಯ ಫೋನ್ ಬೂತಿನ ಚಿಲ್ಲರೆ ಖಜಾನೆ ಸೇರುವ ಬಗೆ

ವಿಲಿಯಂ ಗ್ರೇ ಎಂಬ ಅಮೆರಿಕನ್ನನಿಗೆ ಕಾಯಿನ್ ಫೋನಿನ ಪೇಟೆಂಟ್ ಸಿಕ್ಕಿದ್ದು 1889ರಲ್ಲಿ. ನ್ಯೂಯಾರ್ಕ್ ನಗರಾಡಳಿತ ತನ್ನ ಕಟ್ಟಕಡೆಯ ಬೂತನ್ನು ಕಿತ್ತದ್ದು 2022ರಲ್ಲಿ. ಶಾಸನಸಭೆಯ ಮೊಗಸಾಲೆಯಲ್ಲಿ ಇನ್ನೂ ಒಂದು ಬೂತು ಉಳಿದಿದ್ದರೆ ಅದರ ಕಾಸಿಗೂ ಲೆಕ್ಕ ಬೇಕು. ಬೂತೇ ಇಲ್ಲವೆನ್ನುವವರು ಝೆರಾಕ್ಸ್ ಯಂತ್ರದ ಗಳಿಕೆಗೆ ಇದನ್ನೇ ಅನ್ವಯಿಸಿಕೊಳ್ಳಬಹುದು.

ಮೊದಲು ಕರಾರು ಪತ್ರ ತೆಗೆದು ಓದಿ. ಫೋನು ದೂರವಾಣಿ ಕಂಪನಿಯದಾದರೆ ಪೆಟ್ಟಿಗೆಯ ನಾಣ್ಯಗಳೂ ಅದರದೇ. ಸಭೆಗೆ ಸೇರುವುದು ಕಮಿಷನ್ ಮಾತ್ರ. ಆಗ ಸಚಿವಾಲಯದವರು ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ಫೋನು ಸಭೆಯದೇ ಆಗಿದ್ದರೆ ಮುಂದಿನ ಹಂತ.

ಪೆಟ್ಟಿಗೆಗೆ ಎರಡು ಬೀಗ, ಕೀಲಿ ಇಬ್ಬರ ಕೈಯಲ್ಲಿ. ಇಬ್ಬರೂ ಎದುರಿಗಿದ್ದಾಗಲೇ ತೆರೆದು, ಅಲ್ಲೇ ಎಣಿಸಿ, ಕರೆ ಎಣಿಸುವ ಮೀಟರಿನ ಅಂಕಿಯ ಜೊತೆ ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ತಾಳೆಯಾಗದಿದ್ದರೆ ಗಾಬರಿ ಬೇಡ. ಸವಕಲು ನಾಣ್ಯ, ಖೋಟಾ ಬಿಲ್ಲೆ ಬೀಳುವುದು ಇದ್ದದ್ದೇ. ಕೊರತೆಯನ್ನು ಕೊರತೆಯೆಂದೇ ಬರೆಯಿರಿ. ಜೇಬಿನಿಂದ ತುಂಬಿ ಸರಿಮಾಡುವ ಗುಮಾಸ್ತ ಒಳ್ಳೆಯವನೇ ಇರಬಹುದು, ಆದರೆ ಅವನ ಪುಸ್ತಕವನ್ನು ನಂಬುವಂತಿಲ್ಲ.

ಎಡವುವುದು ಹೆಚ್ಚಾಗಿ ಇಲ್ಲಿ: ಖರ್ಚು ಕಳೆದು ಉಳಿದದ್ದನ್ನಷ್ಟೇ ಜಮಾ ತೋರಿಸುವುದು. ಕಮಿಷನ್ 500 ಬರಬೇಕಿತ್ತು, ರಿಪೇರಿಯ ಬಾಬ್ತು 120 ಮುರಿದುಕೊಂಡು ಕಂಪನಿ 380 ಕಳಿಸಿತು ಅನ್ನಿ. ಕ್ಯಾಶ್ ಬುಕ್ಕಿನಲ್ಲಿ 380 ಎಂದಷ್ಟೇ ಬರೆದರೆ ಕೂಡುವ ಲೆಕ್ಕವೇನೋ ಸರಿಹೋಗುತ್ತದೆ, ಆದರೆ ಸಭೆ ಮಂಜೂರು ಮಾಡದ 120ರ ಖರ್ಚು ಯಾರ ಕಣ್ಣಿಗೂ ಬೀಳದೆ ಮುಗಿದುಹೋಗುತ್ತದೆ. ಜಮಾ ಕಡೆ 500, ಖರ್ಚಿನ ಕಡೆ 120, ಹೀಗೆ ಎರಡೂ ಕಾಣಬೇಕು. ಸರ್ಕಾರದ ವೆಚ್ಚಕ್ಕೆ ತನ್ನ ಒಪ್ಪಿಗೆ ಬೇಕೆನ್ನುವ ಸಭೆ ತನ್ನದೇ ಮೊಗಸಾಲೆಯಲ್ಲಿ ಇದನ್ನು ಮರೆತರೆ ಹೇಗೆ?

ಈ ನಿಯಮ ಹೊಸದೇನಲ್ಲ. ಬ್ರಿಟನ್ನಿನಲ್ಲಿ ಸಂಚಿತ ನಿಧಿ, ಅಂದರೆ ಸರ್ಕಾರದ ಆದಾಯ ಒಂದೆಡೆ ಸೇರುವ ಖಾತೆ, ಶುರುವಾದದ್ದು 1787ರಲ್ಲಿ. ಸರ್ಕಾರಕ್ಕೆ ಬಂದ ಹಣ ಯಾವ ಕಡಿತವೂ ಇಲ್ಲದೆ ಖಜಾನೆ ಸೇರಬೇಕೆಂಬ ಅಮೆರಿಕದ ಕಾನೂನಿನ ಮೂಲ 1849ರದು. ಭಾರತದ ಸಂವಿಧಾನದ 266ನೇ ವಿಧಿಯೂ ಸಂಚಿತ ನಿಧಿಯ ಹಣವನ್ನು ಕಾನೂನಿನ ಪ್ರಕಾರವಲ್ಲದೆ ತೆಗೆಯಬಾರದು ಎನ್ನುತ್ತದೆ. ಆದ್ದರಿಂದ ಬೂತಿನ ದುಡ್ಡಿನಲ್ಲಿ ಸಿಬ್ಬಂದಿಗೆ ಕಾಫಿ ತರಿಸುವುದು ಎಷ್ಟೇ ಚಿಕ್ಕದಾಗಿ ಕಂಡರೂ ಆಗದ ಮಾತು. ಪ್ರತ್ಯೇಕ ನಿಧಿ ಬೇಕಿದ್ದರೆ ಅದಕ್ಕೆ ಕಾನೂನೇ ಆಗಬೇಕು, ಮೇಲಿನವರ ಬಾಯಿಮಾತು ಸಾಲದು.

ಎಣಿಕೆಯಾದ ಹಣವನ್ನು ಅಲಮಾರಿಯಲ್ಲಿ ಕೂಡಿಡದೆ ಬೇಗ ಚಲನ್ ಬರೆದು ಕಟ್ಟಿ. ಹಣ ಯಾವ ಬಾಬ್ತಿನದೆಂದು ತೋರಿಸುವ ಲೆಕ್ಕ ಶೀರ್ಷಿಕೆ ಸರಿಯಿದೆಯೇ ನೋಡಿ. ಎಣಿಸಿದವರೇ ಕಟ್ಟದಿರಲಿ, ಕಟ್ಟಿದವರೇ ಪುಸ್ತಕ ಬರೆಯದಿರಲಿ.

ಅಧಿವೇಶನ ಇಲ್ಲದ ತಿಂಗಳು ಪೆಟ್ಟಿಗೆ ಬರಿದಾಗಿರುತ್ತದೆ. ಆಗಲೂ ತೆರೆದು, ರಿಜಿಸ್ಟರಿನಲ್ಲಿ ‘ಶೂನ್ಯ’ ಎಂದು ಬರೆದು, ಇಬ್ಬರೂ ಸಹಿ ಹಾಕಿ. ಆಡಿಟಿನವರು ಮೊದಲು ಹುಡುಕುವುದು ಬಿಟ್ಟುಹೋದ ಸಾಲುಗಳನ್ನೇ.